ಮೊದಲ ಹೆಸರು

“ಅಜ್ಜಾರೇ, ಗೆರೆಯನ್ನು ಅಳಿಸುವುದು ತಪ್ಪು, ಗೊತ್ತು. ತೆಳ್ಳಗೆ ಮಾಡುವುದೂ ತಪ್ಪೇ?”

ಕೇಳಿದವನು ಕಲ್ಲಿನಾಥ. ಮೂರು ತಲೆಮಾರುಗಳಿಂದ ನಡೆದುಬಂದ ಒಂದು ದಿನಪತ್ರಿಕೆಯ ಒಡೆಯ. ಮಠದ ಹಿರಿಯ ಸ್ವಾಮಿಗಳನ್ನು ಸುತ್ತಲಿನ ಊರಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವನೂ ಹಾಗೆಯೇ ಕರೆಯುತ್ತಿದ್ದ.

“ಯಾವ ಗೆರೆಯಪ್ಪ?” ಎಂದರು ಅಜ್ಜಾರು.

“ಸುದ್ದಿಗೂ ಜಾಹೀರಾತಿಗೂ ನಡುವಿನ ಗೆರೆ. ಅಚ್ಚಿನ ಪತ್ರಿಕೆಗೆ ಜಾಹೀರಾತು ಬರುವುದು ನಿಂತೇ ಹೋಗಿದೆ. ಈಗ ಎಲ್ಲವೂ ಫೋನಿನಲ್ಲಿ. ಅಲ್ಲಿ ಜಾಹೀರಾತು ಜಾಹೀರಾತಿನಂತೆ ಕಂಡರೆ ಯಾರೂ ಒತ್ತುವುದಿಲ್ಲ, ಸುದ್ದಿಯಂತೆ ಕಂಡರೆ ಒತ್ತುತ್ತಾರೆ. ನಾನು ಸುಳ್ಳು ಬರೆಯುವುದಿಲ್ಲ. ಜಾಹೀರಾತು ಎಂಬ ಪದವೂ ಇರುತ್ತದೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ. ನಾಳೆ ಒಪ್ಪಂದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಪತ್ರಿಕೆ ಉಳಿಯುವುದಿಲ್ಲ ಎಂಬ ಹೆದರಿಕೆ.”

ಅಜ್ಜಾರು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪತ್ರಿಕೆಯವನಿದ್ದ. ಅವನ ಪತ್ರಿಕೆಯ ಕೊನೆಯ ಪುಟದ ಮೂಲೆಯಲ್ಲಿ ದಿನವೂ ಒಂದು ಪಟ್ಟಿ ಬರುತ್ತಿತ್ತು. ರಕ್ತ ಬೇಕಾದರೆ ಎಲ್ಲಿಗೆ ಹೋಗಬೇಕು, ಬೆಂಕಿ ಬಿದ್ದರೆ ಯಾರನ್ನು ಕರೆಯಬೇಕು, ಹಾವು ಕಚ್ಚಿದರೆ ಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂಬ ಪಟ್ಟಿ. ಅದರಲ್ಲಿ ಹೆಸರು ಹಾಕುವುದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವನ ತಂದೆ ಹಾಕಿಕೊಟ್ಟ ಪದ್ಧತಿ ಅದು. ಜನ ಆ ಮೂಲೆಯನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು.

ಪತ್ರಿಕೆ ನಡೆಯುತ್ತಿದ್ದುದು ಊರಿನ ಅಂಗಡಿಗಳ ಜಾಹೀರಾತಿನಿಂದ. ಒಂದು ಯುಗಾದಿಗೆ ಸೀರೆ ಅಂಗಡಿಯವನು ಜಾಹೀರಾತು ಕೊಡಲಿಲ್ಲ. ಪತ್ರಿಕೆಯವನು ಹೋಗಿ ಕೇಳಿದ. ಅಂಗಡಿಯವನು ಕೂರಿಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದ: “ಫೋನಿನಲ್ಲಿ ಹಾಕಿದರೆ ಎಷ್ಟು ಜನ ನೋಡಿದರು, ಯಾವ ಓಣಿಯವರು ನೋಡಿದರು, ಯಾರು ಎರಡು ಸಲ ನೋಡಿದರು ಎಂಬುದೆಲ್ಲ ಸಂಜೆಯೊಳಗೆ ತಿಳಿಯುತ್ತದೆ. ನಿಮ್ಮ ಪತ್ರಿಕೆಯಲ್ಲಿ ಹಾಕಿದರೆ ಏನು ತಿಳಿಯುತ್ತದೆ, ನೀವೇ ಹೇಳಿ.”

ಪತ್ರಿಕೆಯವನು ಚಹಾ ಕುಡಿದು ಎದ್ದುಬಂದ. ಆ ವರ್ಷ ಕಲ್ಯಾಣ ಮಂಟಪದವರು ಬಿಟ್ಟರು, ಒಡವೆ ಅಂಗಡಿಯವರು ಬಿಟ್ಟರು. ಬಾಡಿಗೆ ಮನೆಯ ಎರಡು ಸಾಲಿನ ಜಾಹೀರಾತುಗಳೂ ಕಾಣೆಯಾದವು. ಉಳಿದದ್ದು ಸತ್ತವರ ಫೋಟೊಗಳು ಮಾತ್ರ. ಹನ್ನೊಂದು ಮನೆಗಳು ಆ ಪತ್ರಿಕೆಯನ್ನು ನಂಬಿಕೊಂಡಿದ್ದವು. ಬೆಳಿಗ್ಗೆ ಕಚೇರಿಗೆ ಬಂದರೆ ಆ ಹನ್ನೊಂದು ಜನರೂ ಅವನ ಮುಖ ನೋಡುತ್ತಿದ್ದರು. ಅವನಿಗೆ ಅನ್ನ ಸೇರದಾಯಿತು. ಅಚ್ಚಿನ ಯಂತ್ರ ಒಂದು ಗಳಿಗೆ ನಿಂತರೂ ಎದ್ದು ಓಡುತ್ತಿದ್ದ.

ಅವನು ದಡ್ಡನಲ್ಲ. ಯೋಚಿಸಿದ. ಜನ ಈಗ ಏನು ಬೇಕಾದರೂ ಫೋನಿನಲ್ಲಿ ಹುಡುಕುತ್ತಾರೆ. ದೂರದ ದೊಡ್ಡ ಕಂಪನಿಗಳಿಗೆ ಲೋಕವೆಲ್ಲ ಗೊತ್ತು, ನಮ್ಮ ಓಣಿಗಳು ಗೊತ್ತಿಲ್ಲ. ನನಗೆ ಗೊತ್ತು. ಹೀಗೆಂದುಕೊಂಡು ಕೊನೆಯ ಪುಟದ ಪಟ್ಟಿಯನ್ನು ಬೆಳೆಸಿದ. ವೈದ್ಯರು, ದರ್ಜಿಗಳು, ಪಂಪು ರಿಪೇರಿಯವರು, ಎಲ್ಲರನ್ನೂ ಸೇರಿಸಿ ಊರಿಗೊಂದು ಹುಡುಕುವ ತಾಣ ಮಾಡಿದ. ಬೇಕಾದದ್ದನ್ನು ಬರೆದರೆ ಸಾಕು, ಹೆಸರುಗಳು ಸಾಲಾಗಿ ಬರುತ್ತಿದ್ದವು. ಪತ್ರಿಕೆಯ ಹೆಸರನ್ನೇ ಅದಕ್ಕೂ ಇಟ್ಟ. ಆ ಹೆಸರಿನ ಮೇಲೆ ಜನರಿಗೆ ನಂಬಿಕೆಯಿತ್ತು. ಎಲ್ಲರೂ ಅದರಲ್ಲೇ ಹುಡುಕತೊಡಗಿದರು.

ಜಾಹೀರಾತುಗಳು ಮರಳಿ ಬಂದವು. ಮೊದಲು ಅವನ್ನು ಪಟ್ಟಿಯ ಪಕ್ಕದಲ್ಲಿ, ಬೇರೆ ಬಣ್ಣದ ಚೌಕದಲ್ಲಿ ಹಾಕಿದ. ಯಾರೂ ಒತ್ತಲಿಲ್ಲ. ಪಟ್ಟಿಯ ಮೇಲಕ್ಕೆ ತಂದ. ಕೆಲವರು ಒತ್ತಿದರು. ಬಣ್ಣವನ್ನು ತಿಳಿ ಮಾಡಿದ, ಇನ್ನಷ್ಟು ಜನ ಒತ್ತಿದರು. ಒಂದು ದಿನ ಬಣ್ಣವನ್ನೇ ತೆಗೆದ. ಹಣ ಕೊಟ್ಟವರ ಹೆಸರು ಉಳಿದವರ ಹೆಸರಿನಂತೆಯೇ ಕಂಡಿತು, ಸಾಲಿನಲ್ಲಿ ಮೊದಲಿಗೆ. ಜಾಹೀರಾತು ಎಂಬ ಪದ ಇತ್ತು. ಹುಡುಕಿದರೆ ಸಿಗುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ. ಹನ್ನೊಂದು ಜನರಿಗೂ ಸಂಬಳ ಸರಿಯಾಗಿ ಆಯಿತು.

ಆಮೇಲೆ ಊರಾಚೆಯ ರಿಂಗ್ ರೋಡಿನಲ್ಲಿ ಒಂದು ಖಾಸಗಿ ಆಸ್ಪತ್ರೆ ಎದ್ದಿತು. ಗಾಜಿನ ಬಾಗಿಲಿನ ದೊಡ್ಡ ಕಟ್ಟಡ. ಅದರ ಮ್ಯಾನೇಜರು ಬಂದು ನಾಲ್ಕು ಪದಗಳಿಗೆ ಮೊದಲ ಸ್ಥಾನ ಕೇಳಿದ. ಆಸ್ಪತ್ರೆ, ತುರ್ತು, ಅಪಘಾತ, ಹಾವು. ಆ ಅರ್ಥದ್ದು ಏನು ಬರೆದರೂ ತಮ್ಮದೇ ಮೊದಲು ಬರಬೇಕು ಎಂದ. ಅಷ್ಟು ದೊಡ್ಡ ಜಾಹೀರಾತು ಪತ್ರಿಕೆಯವನಿಗೆ ಆವರೆಗೆ ಬಂದಿರಲಿಲ್ಲ. ಆದರೂ ಅವನು ಕೇಳಿದ: “ಹಾವಿನ ಮದ್ದು ಇಟ್ಟಿದ್ದೀರಾ?”

“ತರಿಸುತ್ತೇವೆ” ಎಂದ ಮ್ಯಾನೇಜರು.

ಪತ್ರಿಕೆಯವನು ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ಮ್ಯಾನೇಜರು ಎದ್ದುಹೋದಾನು ಎಂದು ಹೆದರಿದ. ಆವರೆಗೆ ಹಾವು ಎಂದು ಬರೆದರೆ ಸರ್ಕಾರಿ ಆಸ್ಪತ್ರೆಯ ಹೆಸರು ಮೊದಲು ಬರುತ್ತಿತ್ತು. ಮದ್ದು ಇದ್ದದ್ದು ಅಲ್ಲಿ. ಅಂದಿನಿಂದ ಅದು ಆರನೆಯದಾಯಿತು. ಅದರ ಮೇಲಿನ ಐದೂ ಹಣ ಕೊಟ್ಟ ಹೆಸರುಗಳು.

ಅಲ್ಲಿಗೆ ಅವನ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಜಾಹೀರಾತು ಇಲ್ಲದಾಗ ಸಿಗಲಿಲ್ಲವಲ್ಲ ಎಂದು ಹೆದರುತ್ತಿದ್ದವನು, ಈಗ ಸಿಕ್ಕಿದ್ದು ಬಿಟ್ಟುಹೋದರೆ ಎಂದು ಹೆದರತೊಡಗಿದ. ಆಸ್ಪತ್ರೆಯವರ ಫೋನು ಬಂದರೆ ಕುಳಿತಲ್ಲಿಂದ ಎದ್ದು ನಿಂತು ಮಾತನಾಡುತ್ತಿದ್ದ.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಒಬ್ಬ ನೇಕಾರ ಕಚೇರಿಗೆ ಬಂದ. ತಲೆ ಬೋಳಿಸಿಕೊಂಡಿದ್ದ. ಕೈಯಲ್ಲಿ ಹೆಂಡತಿಯ ಫೋಟೊ ಇತ್ತು. ಶ್ರದ್ಧಾಂಜಲಿ ಹಾಕಿಸಬೇಕು ಎಂದ. ಪತ್ರಿಕೆಯವನೇ ಎದುರಿಗೆ ಕುಳಿತಿದ್ದ. ಫೋಟೊ ತೆಗೆದುಕೊಂಡು, ಏನಾಗಿತ್ತು ಎಂದು ಕೇಳಿದ. ಬಂದವರನ್ನೆಲ್ಲ ಹಾಗೆ ಕೇಳುವುದು ವಾಡಿಕೆ.

“ಹಾವು ಕಚ್ಚಿತು. ಸೌದೆ ತೆಗೆಯುವಾಗ” ಎಂದ ನೇಕಾರ.

ಪತ್ರಿಕೆಯವನ ಕೈ ಫೋಟೊದ ಮೇಲೆಯೇ ನಿಂತಿತು. ಮುಂದೆ ಕೇಳಬಾರದು ಎಂದುಕೊಂಡ. ನೇಕಾರ ತಾನಾಗಿಯೇ ಹೇಳಿದ.

“ನಮ್ಮ ಮನೆ ಸರ್ಕಾರಿ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ನೆರೆಯವರೆಲ್ಲ ಅಲ್ಲಿಗೇ ಎತ್ತಿಕೊಂಡು ಹೋಗು ಎಂದರು. ನಾನು ಕೇಳಲಿಲ್ಲ. ನಿಮ್ಮದರಲ್ಲಿ ನೋಡಿದೆ. ಮೊದಲ ಹೆಸರು ರಿಂಗ್ ರೋಡಿನದು ಬಂತು. ಮೊದಲು ಬಂದದ್ದೆಂದರೆ ಊರಿಗೇ ಒಳ್ಳೆಯದಿರಬೇಕು. ದುಡ್ಡು ಹೋದರೆ ಹೋಗಲಿ, ಅವಳಿಗೆ ಒಳ್ಳೆಯ ಕಡೆಯೇ ಆಗಲಿ ಅಂದುಕೊಂಡೆ. ಸರ್ಕಾರಿ ಆಸ್ಪತ್ರೆಯ ಗೇಟಿನ ಮುಂದೆಯೇ ರಿಕ್ಷಾ ಹೋಯಿತು. ಅವಳು ಇನ್ನೂ ಮಾತನಾಡುತ್ತಿದ್ದಳು.”

ಪತ್ರಿಕೆಯವನು ಫೋಟೊವನ್ನು ಮೇಜಿನ ಮೇಲಿಟ್ಟ. ನೇಕಾರ ಮುಂದುವರಿಸಿದ.

“ಅವರು ಬಾಟಲಿ ಏರಿಸಿದರು. ಎಲ್ಲಾ ಮಾಡಿದರು. ವಿಷ ಏರಿಬಿಟ್ಟಿತ್ತು, ಯಾರ ಕೈಯಲ್ಲೂ ಆಗುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಅವಳ ಅಣ್ಣಂದಿರು ಏನೋ ಅನ್ನುತ್ತಾರೆ. ನನಗೆ ಮಾತ್ರ ಅದೊಂದು ಸಮಾಧಾನ ಇದೆ ಸಾಹೇಬರೇ. ಊರಿನಲ್ಲಿ ಮೊದಲನೆಯ ಜಾಗಕ್ಕೇ ಕರೆದುಕೊಂಡು ಹೋದೆ. ಕೆಳಗೆ ಎರಡು ಸಾಲು ಸೇರಿಸಿ. ಆ ಆಸ್ಪತ್ರೆಯವರಿಗೂ ದಾರಿ ತೋರಿಸಿದ ನಿಮ್ಮ ಪತ್ರಿಕೆಗೂ ನಾವು ಕೃತಜ್ಞರು ಅಂತ.”

ಪತ್ರಿಕೆಯವನು ಬರೆದುಕೊಂಡ.

ನೇಕಾರ ಎದ್ದ. ಬಾಗಿಲವರೆಗೆ ಹೋಗಿ ತಿರುಗಿ ನಿಂತ. “ನಾನು ಮಾಡಿದ್ದು ಸರಿ ತಾನೇ?” ಎಂದು ಕೇಳಿದ.

ಹೇಳಬೇಕೆಂದು ಪತ್ರಿಕೆಯವನು ಬಾಯಿ ತೆರೆದದ್ದು ನಿಜ. ಮದ್ದು ನಿನ್ನ ಮನೆಯ ಬೆನ್ನಿಗೇ ಇತ್ತು, ಆ ಗೇಟಿನೊಳಗೆ ಇತ್ತು ಎಂದು ಹೇಳಬೇಕು. ಹೇಳಿದರೆ ಈ ಮನುಷ್ಯ ಇನ್ನು ಬದುಕಿರುವಷ್ಟು ದಿನವೂ ಆ ಗೇಟಿನ ಮುಂದೆ ಹಾದುಹೋಗಬೇಕು. ಹೇಳದಿದ್ದರೆ ತಾನು ಇವನ ಮುಖ ನೋಡಬೇಕು. ನೇಕಾರ ಕಾಯುತ್ತಿದ್ದ.

“ಸರಿಯಾಗಿಯೇ ಮಾಡಿದಿರಿ” ಎಂದ ಪತ್ರಿಕೆಯವನು.

ನೇಕಾರ ಕೈ ಮುಗಿದು ಹೋದ.

ಪತ್ರಿಕೆಯವನು ಒಳಗೆ ಹೋಗಿ ಕದ ಹಾಕಿಕೊಂಡ. ಜನ ಹುಡುಕಿದ ಮಾತುಗಳನ್ನೆಲ್ಲ ಹುಡುಕುವ ತಾಣ ಬರೆದಿಟ್ಟುಕೊಳ್ಳುತ್ತಿತ್ತು. ಜಾಹೀರಾತು ಕೊಡುವವರಿಗೆ ತೋರಿಸುವುದಕ್ಕೆಂದು ಅವನೇ ಮಾಡಿಸಿದ್ದ ಏರ್ಪಾಡು. ಅದನ್ನು ಎಷ್ಟೋ ಸಲ ನೋಡಿದ್ದ, ಎಷ್ಟು ಜನ ಒತ್ತಿದರು ಎಂದಷ್ಟೇ ನೋಡಿದ್ದ. ಏನು ಕೇಳಿದ್ದರು ಎಂದು ಓದಿರಲಿಲ್ಲ. ಆ ದಿನ ಓದಿದ. ಹೆಂಡತಿ ಸತ್ತ ದಿನಾಂಕ ಹಿಡಿದು ಹುಡುಕಿದಾಗ ನೇಕಾರನದು ಸಿಕ್ಕಿತು. ‘ಹಾವು ಕಚ್ಚಿದೆ ಬೇಗ ಯಾವ ಆಸ್ಪತ್ರೆ.’ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಒತ್ತಿದ್ದು ಮೊದಲ ಹೆಸರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನ ಬೆರಳು ನಿಲ್ಲಲಿಲ್ಲ. ‘ಅವ್ವನಿಗೆ ಎದೆನೋವು ಎಲ್ಲಿಗೆ ಹೋಗಲಿ.’ ಒತ್ತಿದ್ದು ಮೊದಲ ಹೆಸರು. ‘ಮಗು ಉಸಿರಾಡುತ್ತಿಲ್ಲ.’ ಮೊದಲ ಹೆಸರು. ‘ಹಾವು ಕಡಿತ ಮದ್ದು.’ ಮೊದಲ ಹೆಸರು. ‘ಬಸುರಿ ರಕ್ತ ಹೋಗುತ್ತಿದೆ.’ ಮೊದಲ ಹೆಸರು. ತಿಂಗಳುಗಳ ಹಿಂದಿನವರೆಗೂ ಹಾಗೆಯೇ ಇತ್ತು. ಬರೆದವರು ಯಾರೆಂದು ಅದರಲ್ಲಿ ಇರಲಿಲ್ಲ. ಅವರು ಏನಾದರು ಎಂದೂ ಇರಲಿಲ್ಲ. ಯಾರೂ ಬಂದು ದೂರಿರಲಿಲ್ಲ. ನೇಕಾರನಂತೆ ಅವರೂ ಎಲ್ಲೋ ಕುಳಿತು ತನಗೆ ಕೃತಜ್ಞರಾಗಿರಬಹುದು ಎಂದು ಆಗ ಹೊಳೆಯಿತು. ಇಡೀ ಊರಿನಲ್ಲಿ ಇದನ್ನು ಬಲ್ಲವನು ತಾನೊಬ್ಬನೇ. ಯಾರಾದರೂ ಬಂದು ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಅವನು ಆ ನಾಲ್ಕು ಪದಗಳ ಜಾಹೀರಾತನ್ನು ಕಿತ್ತುಹಾಕಿದ. ಸರ್ಕಾರಿ ಆಸ್ಪತ್ರೆಯ ಹೆಸರನ್ನು ಮೊದಲಿಗೆ ತಂದ. ಉಳಿದ ಜಾಹೀರಾತುಗಳಿಗೆ ಮತ್ತೆ ಬಣ್ಣ ಹಚ್ಚಿ ಪಕ್ಕದ ಚೌಕಕ್ಕೆ ದೂಡಿದ. ರಿಂಗ್ ರೋಡಿನ ಮ್ಯಾನೇಜರು ಫೋನು ಮಾಡಿ ಕೂಗಾಡಿದ. ಅವನನ್ನು ನೋಡಿ ಇನ್ನಿಬ್ಬರು ಜಾಹೀರಾತುದಾರರು ಬಿಟ್ಟುಹೋದರು. ಪತ್ರಿಕೆಯ ಎಂಟು ಪುಟ ನಾಲ್ಕಾಯಿತು. ಹನ್ನೊಂದು ಜನರಲ್ಲಿ ಮೂವರು ಬೇರೆ ಕೆಲಸ ನೋಡಿಕೊಂಡರು. ಅಷ್ಟೇ. ಪತ್ರಿಕೆ ಮುಚ್ಚಲಿಲ್ಲ. ಅಷ್ಟು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಬಂದು, ಇಷ್ಟೇ ಇಷ್ಟು ಕಚ್ಚಿ ಹೋಯಿತು. ಅದನ್ನು ಕಂಡಾಗ ಅವನಿಗೆ ಸಮಾಧಾನವಾಗಲಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂಬುದು ಸಂಕಟವನ್ನು ಹೆಚ್ಚಿಸಿತು.

ಶ್ರದ್ಧಾಂಜಲಿ ಅಚ್ಚಾಯಿತು, ಆ ಎರಡು ಸಾಲಿನ ಸಮೇತ. ಮರುವರ್ಷ ಅದೇ ದಿನ ನೇಕಾರ ಅದೇ ಫೋಟೊ ಹಿಡಿದು ಬಂದ. ಪುಣ್ಯತಿಥಿಗೆ ಹಾಕಿಸಬೇಕು, ಅದೇ ಎರಡು ಸಾಲು ಇರಲಿ ಎಂದ. ಅದರ ಮರುವರ್ಷವೂ ಬಂದ. ಪ್ರತಿ ಸಲವೂ ಹೋಗುವ ಮುಂಚೆ ಬಾಗಿಲಲ್ಲಿ ನಿಲ್ಲುತ್ತಾನೆ, ಸರಿ ತಾನೇ ಎನ್ನುತ್ತಾನೆ. ಪತ್ರಿಕೆಯವನು ಸರಿ ಎನ್ನುತ್ತಾನೆ. ಆ ದಿನಕ್ಕೆ ಒಂದು ತಿಂಗಳಿರುವಾಗಲೇ ಅವನಿಗೆ ಕಚೇರಿಯ ಬಾಗಿಲು ಕಿರ್ರೆಂದರೆ ಬೆವರು ಬರುತ್ತದೆ. ಈಗ ಏಳು ವರ್ಷವಾಯಿತು.

ಅಜ್ಜಾರು ಕತೆ ನಿಲ್ಲಿಸಿದರು.

ಕಲ್ಲಿನಾಥ ತಾನು ಕೇಳಲು ಬಂದದ್ದನ್ನು ಬಿಟ್ಟು ಬೇರೆಯದನ್ನೇ ಕೇಳಿದ.

“ಅಜ್ಜಾರೇ, ಅವನು ಸುಮ್ಮನಿದ್ದದ್ದು ಕರುಣೆಯೇ, ಹೇಡಿತನವೇ? ಆ ನೇಕಾರನಿಗೆ ಅವನು ನಿಜ ಹೇಳಬೇಕಿತ್ತಲ್ಲವೇ?”

“ನಿಜ ಹೇಳುವ ಹೊತ್ತು, ಆ ನೇಕಾರ ಫೋನಿನಲ್ಲಿ ಯಾವ ಆಸ್ಪತ್ರೆ ಎಂದು ಕೇಳಿದಾಗಲೇ ಕಳೆದುಹೋಯಿತಪ್ಪ” ಎಂದರು ಅಜ್ಜಾರು.