ಬೆಂಚಿನ ಮೇಲಿನ ಆಟಗಾರ

“ಕೆಂಪರಾಜು ಇವತ್ತು ಫೈನಲ್ ಆಡ್ಲೇಬೇಕು!” ಕಬಡ್ಡಿ ಸಂಘದ ಅಧ್ಯಕ್ಷರು ಮಾಲೀಶಿನ ಜವರಯ್ಯನ ಮೇಲೆ ಗುಡುಗಿದರು. “ಬ್ಯಾನರಿನಲ್ಲಿ ನನ್ನ ಪಕ್ಕ ಅವನ ಫೋಟೋ ಹಾಕ್ಸಿದ್ದೀನಿ. ಸಂಜೆಯೊಳಗೆ ರೆಡಿ ಮಾಡು. ಇಲ್ದಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಬೆಳಗಿನ ಅಭ್ಯಾಸದಲ್ಲಿ ತಂಡದ ಮುಖ್ಯ ರೈಡರ್ ಕೆಂಪರಾಜುವಿನ ಬಲಮಂಡಿ ಉಳುಕಿ ಊದಿಕೊಂಡಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಆ ಕಾಲು ಮತ್ತೆ ಕಬಡ್ಡಿಗೆ ಬರುತ್ತಿರಲಿಲ್ಲ. ಎದುರಾಳಿಗಳಿಗೆ ಇದು ಗೊತ್ತಿರಲಿಲ್ಲ.

“ಆಡಿಸ್ತೀನಿ ಗೌಡ್ರೇ,” ಎಂದ ಜವರಯ್ಯ.

ಸಂಜೆ ಕೆಂಪರಾಜು ಉದ್ದ ಪ್ಯಾಂಟಿನಲ್ಲಿ ಮಂಡಿ ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತ. ಆಟ ಶುರುವಾಯಿತು. ಎದುರಾಳಿಗಳು ಪಾಯಿಂಟಿನಲ್ಲಿ ಮುಂದೆ ಹೋದರು. ಜವರಯ್ಯ ಕೆಂಪರಾಜುವಿನ ಬೆನ್ನು ತಿವಿದ. ಅವನು ಕೂತಲ್ಲೇ ಪಟಾರನೆ ಎಡತೊಡೆ ತಟ್ಟಿದ.

ಎದುರಾಳಿ ಕ್ಯಾಪ್ಟನ್ ಬೆಚ್ಚಿದ. ಹಿಡಿಯುವುದರಲ್ಲಿ ಗಟ್ಟಿಗರಾದ ತನ್ನ ಇಬ್ಬರಿಗೆ ಕೂಗಿದ: “ಅವ್ನು ಇಳೀತಾನೆ ಕಣ್ರೋ! ಅಲ್ಲೀವರ್ಗೂ ನೀವು ಯಾರ ಮೇಲೂ ಬೀಳ್ಬೇಡಿ. ನೀವು ಔಟಾಗಿ ಆಚೆ ಕೂತ್ರೆ ಅವನನ್ನ ಹಿಡಿಯೋರು ಯಾರು?”

ಇಬ್ಬರೂ ಮೂಲೆ ಬಿಟ್ಟು ಕದಲಲಿಲ್ಲ. ಈ ಕಡೆಯ ಸಾಧಾರಣ ಹುಡುಗರೇ ನುಗ್ಗಿ ನುಗ್ಗಿ ಪಾಯಿಂಟ್ ತಂದರು. ಮೂಲೆಯವರ ಕೈ ತುರಿಸಿದಾಗಲೆಲ್ಲ ಬೆಂಚಿನಿಂದ ಮತ್ತೆ ಪಟಾರ್!

“ಅವನನ್ನ ಯಾವಾಗ ಆಡಿಸ್ತೀಯೋ?” ಅಧ್ಯಕ್ಷರು ಹಲ್ಲು ಕಡಿದರು.

“ಆಗ್ಲೇ ಆಡ್ತಾವ್ನಲ್ಲ ಗೌಡ್ರೇ. ಪಾಯಿಂಟ್ ನೋಡಿ.”

ಅಧ್ಯಕ್ಷರು ಬೋರ್ಡು ನೋಡಿದರು. ತಮ್ಮ ತಂಡವೇ ಮುಂದಿತ್ತು. ಕೊನೆಯ ಐದು ನಿಮಿಷ ಅವರೂ ತೊಡೆ ತಟ್ಟಿದರು.

ಎಂಟು ಪಾಯಿಂಟಿನಿಂದ ಗೆದ್ದರು. ಕಪ್ಪನ್ನು ಅಧ್ಯಕ್ಷರೇ ಹೊತ್ತು ತಂದು ಕೆಂಪರಾಜುವಿನ ತೊಡೆಯ ಮೇಲಿಟ್ಟರು. ಅವನು ಬೆಂಚಿನಿಂದ ಎದ್ದಿರಲೇ ಇಲ್ಲ.