ಹೊಳಪು ಕೊಟ್ಟ ಲೇತ್

“ಗುರುಗಳೇ, ಸಿಟ್ಟನ್ನು ಗೆಲ್ಲಬೇಕೆಂದು ನಮಗೆ ಹೇಳುವವರು ನೀವು. ನಿನ್ನೆ ಅಷ್ಟು ಜನರ ಮುಂದೆ ದಾನಿಗಳ ಮೇಲೆ ರೇಗಿದಿರಲ್ಲ, ಅದು ಸರಿಯೇ?” ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಮಠದ ಬಾಗಿಲಲ್ಲಿದ್ದ ಹಳೆಯ ಶಿಲಾಶಾಸನಕ್ಕೆ ಆ ದಾನಿ ಭಕ್ತಿಯಿಂದಲೇ ಬಂಗಾರದ ಬಣ್ಣ ಬಳಿಸಿದ್ದರು. ಈಗ ಅದರಲ್ಲಿ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಹಳೆಯ ಲೇತ್ ಯಂತ್ರಗಳನ್ನು ಕೂಡಿಹಾಕುವ ಹುಚ್ಚು. ಕಬ್ಬಿಣದ ಸರಳನ್ನು ತಿರುಗಿಸಿ, ಕೂದಲೆಳೆಯಷ್ಟೂ ತಪ್ಪದಂತೆ ಕಡೆಯುವ ಯಂತ್ರಗಳು ಅವು. ಗುಜರಿ ಅಂಗಡಿಯ ರಾಶಿಯಲ್ಲಿ ಒಂದು ಹಿಡಿಕೆ ಕಂಡರೂ ಸಾಕು, ಅದು ಯಾವ ಕಂಪನಿಯದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದ. ಯಂತ್ರದ ತುದಿಯಲ್ಲಿ ಒತ್ತಿದ ನಂಬರು ಓದಲು ಜಿಡ್ಡಿನ ನೆಲದ ಮೇಲೆ ಮಂಡಿಯೂರುತ್ತಿದ್ದ. ಅವನ ಪ್ರೀತಿ ಸುಳ್ಳಾಗಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ಅವನ ಬಳಿ ಇದ್ದದ್ದು ಒಂದೇ ಲೇತ್. ಅದರಲ್ಲಿ ನೂಲಿನ ಗಿರಣಿಗೆ ಎಳೆ ಸುತ್ತುವ ಕದಿರುಗಳನ್ನು ಕಡೆದು ಬದುಕುತ್ತಿದ್ದ. ಕದಿರು ಚೂರು ಸೊಟ್ಟಗಾದರೂ ನೂಲು ಹರಿಯುತ್ತದೆ. ಅವನ ಕದಿರಿನಲ್ಲಿ ನೂಲು ಹರಿದದ್ದಿಲ್ಲ.

ಆ ಲೇತಿನ ಹೆಸರಿನ ಫಲಕ ಎಂದೋ ಬಿದ್ದುಹೋಗಿತ್ತು. ಆದರೆ ಕಡೆಯುವ ಉಳಿ ಸಾಗುವ ಹಾಸಿನ ಮೇಲೆ ಸಣ್ಣ ಸಣ್ಣ ಅರ್ಧಚಂದ್ರದ ಗುರುತುಗಳಿದ್ದವು. ಅದನ್ನು ಮಾಡಿದ ಯಾವನೋ ಕೆಲಸಗಾರ ನೀಲಿ ಬಣ್ಣ ಹಚ್ಚಿ, ಎಲ್ಲಿ ಉಬ್ಬಿದೆ ಎಂದು ನೋಡಿ, ಕೈಯಿಂದಲೇ ಹೆರೆದು ಹೆರೆದು ಆ ಹಾಸನ್ನು ಸಮ ಮಾಡಿದ್ದ. ಗುರುತುಗಳಲ್ಲಿ ಎಣ್ಣೆ ನಿಲ್ಲುತ್ತಿತ್ತು. ಹಾಸು ಸವೆಯದೆ ಉಳಿದಿತ್ತು.

ವ್ಯಾಪಾರಿ ಒಂದು ದಿನ ಬಂದು ಕೈಮುಗಿದ. “ಮೇಸ್ತ್ರಿ, ಊರಲ್ಲಿ ಪ್ರದರ್ಶನ ಇಡ್ತಿದ್ದೀನಿ. ಇಂಥದ್ದನ್ನ ಜನ ನೋಡ್ಬೇಕು. ಹದಿನೈದು ದಿನ ಕೊಡಿ, ನಾನೇ ತಂದು ಕೂರಿಸ್ತೀನಿ.”

ಮೇಸ್ತ್ರಿಗೆ ಮನಸ್ಸಿರಲಿಲ್ಲ. ಆದರೂ ಇಷ್ಟು ತಿಳಿದವನು ಜೋಪಾನವಾಗಿಯೇ ಇಟ್ಟುಕೊಳ್ಳುತ್ತಾನೆ ಎಂದು ಕೊಟ್ಟ.

ಹದಿನಾರನೆಯ ದಿನ ಲೇತ್ ಹೂವಿನ ಹಾರ ಹಾಕಿಕೊಂಡು ಲಾರಿಯಲ್ಲಿ ಬಂತು. ಮೈತುಂಬ ಹೊಸ ಹಸಿರು ಬಣ್ಣ. ಹೊಸ ಹಿತ್ತಾಳೆಯ ಫಲಕ. ಹಾಸು ಫಳಫಳ ಹೊಳೆಯುತ್ತಿತ್ತು. ಅರ್ಧಚಂದ್ರದ ಗುರುತು ಒಂದೂ ಇರಲಿಲ್ಲ. ವ್ಯಾಪಾರಿ ಅದನ್ನು ಮಷೀನು ಹಿಡಿಸಿ ಉಜ್ಜಿಸಿದ್ದ.

ಮೇಸ್ತ್ರಿ ಒಂದು ಸರಳು ಸಿಕ್ಕಿಸಿ ಕಡೆದ. ಅಳೆದ. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಮತ್ತೊಂದು ಕಡೆದ. ಅದೂ ಹಾಗೆಯೇ; ಹಾಸು ಸಮ ತಪ್ಪಿತ್ತು. ಮೂರನೆಯದನ್ನು ನೆಲಕ್ಕೆ ಅಪ್ಪಳಿಸಿದ.

“ಸಾಹುಕಾರ್ರೇ, ಮುಖ ನೋಡ್ಕೊಳ್ಳೋಕೆ ಕನ್ನಡಿ ಬೇಕಿದ್ರೆ ಅಂಗಡೀಲಿ ತಗೋಬೇಕಿತ್ತು! ನನ್ನ ಲೇತೇ ಬೇಕಿತ್ತಾ?”

“ಗೀರೆಲ್ಲ ತೆಗೆಸಿ ಕೊಟ್ಟಿದ್ದೀನಲ್ಲ ಮೇಸ್ತ್ರಿ, ಹೊಸದರ ಹಾಗಿದೆ. ಹೀಗೆ ಕೂಗಿದ್ರೆ ಬಿಪಿ ಏರುತ್ತೆ. ಮೊದಲು ಕೂತ್ಕೊಳ್ಳಿ.”

“ಗೀರಾ? ಒಬ್ಬ ಮನುಷ್ಯ ದಿನಗಟ್ಟಲೆ ಬಗ್ಗಿ ನಿಂತು ಮಾಡಿದ ಕೆಲಸ ಅದು! ಕಂಪನಿ ಗೊತ್ತು, ವರ್ಷ ಗೊತ್ತು, ನಂಬರು ಗೊತ್ತು. ಅದು ಯಾಕಿದೆ ಅಂತ ನನ್ನನ್ನ ಒಂದು ಮಾತು ಕೇಳೋಕೆ ಬಾಯಿ ಬರಲಿಲ್ವಾ ನಿಮಗೆ?”

ಜನ ಸೇರಿದರು. ಹಾರ ಹಾಕಿ ತಂದುಕೊಟ್ಟವನ ಮೇಲೆ ಇದೆಂಥ ಹಾರಾಟ ಎಂದು ಒಬ್ಬ ಅಂದ. ವಯಸ್ಸಾದರೂ ನಾಲಿಗೆಗೆ ಹಿಡಿತವಿಲ್ಲ ಎಂದು ಇನ್ನೊಬ್ಬ ಅಂದ. ವ್ಯಾಪಾರಿ ಯಾರಿಗೂ ಎದುರಾಡಲಿಲ್ಲ. ನಗುನಗುತ್ತಲೇ ಎಲ್ಲರಿಗೂ ನಮಸ್ಕಾರ ಮಾಡಿ ಹೋದ. ಅವನ ವಿನಯವನ್ನು ಊರು ಕೊಂಡಾಡಿತು. ಮೇಸ್ತ್ರಿಗೆ ಆ ಲೇತಿನಲ್ಲಿ ಮತ್ತೆ ಒಂದು ಕದಿರನ್ನೂ ನೆಟ್ಟಗೆ ಕಡೆಯಲಾಗಲಿಲ್ಲ. ಗಿರಣಿಯವರು ಬರುವುದು ಬಿಟ್ಟರು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ತಲೆದೂಗಿ ಹೇಳಿದ, “ಅನ್ಯಾಯವೇ ಆಯಿತು, ಗುರುಗಳೇ. ಆದರೂ ಆ ಮೇಸ್ತ್ರಿ ಅದನ್ನೇ ಶಾಂತವಾಗಿ ಹೇಳಬಹುದಿತ್ತಲ್ಲವೇ?”

“ಅಲ್ಲಿ ಶಾಂತವಾಗಿದ್ದವರು ಬಹಳ ಜನ ಇದ್ದರು, ಶಂಭುಲಿಂಗ, ಹಾಳಾದದ್ದು ಏನೆಂದು ತಿಳಿದವನು ಒಬ್ಬನೇ ಇದ್ದ.”