ಗಬ್ಬ ನಿಲ್ಲದ ಲಾಯ

ಹಂಚಿನಗಡದ ಬೀದಿಬೀದಿಯಲ್ಲಿ ಡಂಗುರ ಸಾರಿದರು. ಅರಮನೆಯ ಲಾಯದಲ್ಲಿ ಮೂರು ವರ್ಷಗಳಿಂದ ಒಂದು ಕುದುರೆಮರಿಯೂ ಹುಟ್ಟಿಲ್ಲ. ಮುದ್ದರಸ ನಾಯಕರು ಈ ಬಗ್ಗೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ.

ಮೊದಲು ಬಂದ ಜೋಯಿಸ ಎಲ್ಲಕ್ಕೂ ಶನಿಯ ಕಾಟವೇ ಕಾರಣವೆಂದ. ಆಮೇಲೆ ಬಂದ ವೈದ್ಯ ಗಂಡುಕುದುರೆಗಳು ಮುದಿಯಾಗಿವೆ ಎಂದ. ಇಬ್ಬರ ತಲೆಯೂ ಹೋಯಿತು. ಆದರೂ ನಾಯಕನ ಸಿಟ್ಟು ಇಳಿಯಲಿಲ್ಲ. ಲಾಯದ ಕಸ ಬಳಿಯುವ ಕದುರಪ್ಪನೇ ಮಾಟ ಮಾಡಿಸಿದ್ದಾನೆಂದು ಅವನನ್ನು ಸೆರೆಗೆ ತಳ್ಳಿದ. ಅಮಾವಾಸ್ಯೆಗೆ ಅವನ ಸರದಿ.

ಕದುರಪ್ಪನ ತಂಗಿ ಸಣ್ಣೀರಿ ಸತ್ತ ದನಗಳ ಚರ್ಮ ಸುಲಿದು ಬದುಕುವವಳು. ಆ ವಾರ ಲಾಯದಲ್ಲಿ ಮತ್ತೊಂದು ಹೆಣ್ಣುಕುದುರೆ ಸತ್ತಿತು. ಅದನ್ನು ಸುಲಿಯಲು ಅವಳನ್ನೇ ಕರೆಸಿದರು. ಕೆಲಸ ಮುಗಿಸಿದ ಸಣ್ಣೀರಿ ಕೈ ಕೂಡ ತೊಳೆಯದೆ, ಎಲೆ ಮುಚ್ಚಿದ ಒಂದು ಮೊರ ಹೊತ್ತು ನೇರ ಸಭೆಗೆ ನಡೆದಳು. ಕಾವಲಿನವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು.

ನಾಯಕ ಮೊದಲ ಒಗಟು ಹೇಳಿದ. "ಮನೆಗೆ ನೆಂಟ ಬಂದ. ಹೊರಗೆ ಹೋದದ್ದನ್ನು ಯಾರೂ ಕಾಣಲಿಲ್ಲ, ಒಳಗೂ ಇಲ್ಲ. ಎಲ್ಲಿ ಹೋದ?"

"ಬಸಿರಲ್ಲೇ ಕರಗಿಹೋದ, ಬುದ್ಧಿ." ಸಣ್ಣೀರಿ ಎಲೆ ಸರಿಸಿ ಕುದುರೆಯ ಗರ್ಭಚೀಲ ತೋರಿಸಿದಳು. ಗಬ್ಬ ನಿಂತ ಗುರುತು ಅದರಲ್ಲಿತ್ತು, ಮರಿ ಇರಲಿಲ್ಲ.

ನಾಯಕ ಎರಡನೆಯದನ್ನು ಕೇಳಿದ. "ಮೈ ಕನ್ನಡಿಯಂತೆ ಹೊಳೆಯುತ್ತದೆ. ಗಾಯವಿಲ್ಲ, ಹುಣ್ಣಿಲ್ಲ. ಆದರೂ ಸಾಯುತ್ತದೆ. ಪೆಟ್ಟು ಬಿದ್ದದ್ದೆಲ್ಲಿ?"

"ಇಲ್ಲಿ," ಎಂದು ಅವಳು ಮೊರದಿಂದ ಕುದುರೆಯ ಈಲಿ, ಅಂದರೆ ಯಕೃತ್ತನ್ನು, ಎತ್ತಿ ಹಿಡಿದಳು. ಕೆಂಪಗಿರಬೇಕಾದದ್ದು ಹಳದಿ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ನಾಯಕನ ದನಿ ಏರಿತು. "ಕೋಟೆಗೋಡೆ ಹತ್ತದೆ, ಕಾವಲಿನ ಕಣ್ಣಿಗೆ ಬೀಳದೆ ನನ್ನ ಲಾಯ ಹೊಕ್ಕ ಹಗೆ ಯಾರು?"

"ನೀವೇ, ಬುದ್ಧಿ."

ನಾಯಕನ ಕೈ ಕತ್ತಿಯ ಹಿಡಿಗೆ ಹೋಯಿತು. ಸಣ್ಣೀರಿ ಕದಲಲಿಲ್ಲ. ಮೆರವಣಿಗೆಯಲ್ಲಿ ಕುದುರೆಗಳ ಮೈ ಮಿಂಚಲೆಂದು, ಮೂರು ವರ್ಷದಿಂದ ಹುರುಳಿಯ ಜೊತೆ ದಿನಾ ಬೇವಿನ ಎಣ್ಣೆ ಕುಡಿಸಲು ಅಪ್ಪಣೆ ಕೊಟ್ಟವರು ಯಾರೆಂದು ಕೇಳಿದಳು. ಉಣ್ಣಿ, ನೊಣ ಕಾಡದಂತೆ ಮೈಮೇಲೆ ಹಚ್ಚುವ ಎಣ್ಣೆ ಅದು. ಕುದುರೆಯ ಹೊಟ್ಟೆ ಸೀಳಿದಾಗ ಅದೇ ಕಮಟು ನಾತ ಹೊಡೆದಿತ್ತು. ಲಾಯದವರ ಆಡುಗಳು ಕುದುರೆ ಬಿಟ್ಟ ಹುರುಳಿ ತಿಂದು, ದಿನ ತುಂಬುವ ಮೊದಲೇ ಕಂದು ಹಾಕಿ ಮರಿ ಕಳೆದುಕೊಳ್ಳುತ್ತಿದ್ದವು. ಅದನ್ನು ತಿನ್ನದ ಪಕ್ಕದ ಕೇರಿಯ ಆಡುಗಳು ಅವಳಿ ಈಯುತ್ತಿದ್ದವು ಎಂದೂ ಹೇಳಿದಳು. ನಾಯಕ ಲಾಯದ ಮುಖ್ಯಸ್ಥನ ಕಡೆ ತಿರುಗಿದ. ಅವನು ತಲೆ ತಗ್ಗಿಸಿ ಹೌದೆಂದ. ಹೇಳಲು ತನಗೆ ಧೈರ್ಯ ಬರಲಿಲ್ಲವೆಂದ.

"ಉತ್ತರ ನಿಮಗೇ ಗೊತ್ತಿರಲಿಲ್ಲ," ಎಂದಳು ಸಣ್ಣೀರಿ. "ಗೊತ್ತಿಲ್ಲದ ಮೇಲೆ ಆ ಇಬ್ಬರ ತಲೆ ಯಾವ ಬಾಯಲ್ಲಿ ಕಡಿಸಿದಿರಿ?"

ನಾಯಕ ಕತ್ತಿಯ ಹಿಡಿಯಿಂದ ಕೈ ತೆಗೆದು, ಏನು ಬೇಕೋ ಕೇಳು ಎಂದ. ಅಣ್ಣನನ್ನು ಈಗಲೇ ಬಿಡಬೇಕು, ಇನ್ನು ಲಾಯದ ಮೇವು ಅವನು ಹೇಳಿದಂತೆ ನಡೆಯಬೇಕು ಎಂದಳು. ಮತ್ತೆ, ಸತ್ತವರ ಎರಡು ಮನೆಗೂ ನಾಯಕನೇ ನಡೆದುಹೋಗಿ, ತಪ್ಪು ತನ್ನದೆಂದು ಹೇಳಬೇಕು.

ಎಣ್ಣೆ ನಿಂತ ಎರಡನೆಯ ವರ್ಷ ಕದುರಪ್ಪನ ಕೈಯಲ್ಲಿ ಲಾಯದ ಕುದುರೆ ಮರಿ ಹಾಕಿತು. ನಾಯಕ ಮಾತ್ರ ಸಣ್ಣೀರಿ ಕೇಳಿದ ದಿನವೇ ಬರಿಗಾಲಲ್ಲಿ ಹೊರಟಿದ್ದ. ಜೋಯಿಸನ ಹೆಂಡತಿ ಬಾಗಿಲು ತೆರೆದು, ನಿಂತೇ ಕೇಳಿಸಿಕೊಂಡಳು. ವೈದ್ಯನ ಹೆಂಡತಿ ತೆರೆಯಲಿಲ್ಲ. ಹೇಳಬೇಕಾದ್ದನ್ನು ನಾಯಕ ಬೀದಿಯವರೆಲ್ಲ ಕೇಳುವಂತೆ ಆ ಕದಕ್ಕೇ ಹೇಳಿ ಬಂದ.